ಸುದ್ದಿ ಕೇಳದವರ ಹಡಗು ಯಾತ್ರೆ

ನನ್ನ ಭಾವನಿಗೂ ನೀರಿಗೂ ಆಗಿಬರುವುದಿಲ್ಲ. ನಾನು ಗೊರೂರಿನಲ್ಲಿ ನೀರಾವರಿ ಕಚೇರಿಯ ಕೆಲಸದಲ್ಲಿದ್ದಾಗ ಒಮ್ಮೆ ಬಂದಿದ್ದರು. ಹಿನ್ನೀರಿನಲ್ಲಿ ಮೀನು ಹಿಡಿಯುವವರ ತೆಪ್ಪ ಹತ್ತಿ, ಅದು ಅಲ್ಲಾಡಿತೆಂದು ತೆಪ್ಪದವನಿಗೇ ಬೈದು ಇಳಿದಿದ್ದರು. ಅಂಥವರು ಹಡಗಿನಲ್ಲಿ ತೀರ್ಥಯಾತ್ರೆ ಮಾಡುತ್ತೇನೆಂದು ಹೊರಟಾಗ ನಾನು ನಕ್ಕೆ. ನನ್ನ ಅಕ್ಕನ ಗಂಡ ಎಂಬ ಕಾರಣಕ್ಕೆ ಇಲ್ಲಿ ಅವರಿಗೆ ಬಹುವಚನ ಕೊಡುತ್ತಿದ್ದೇನೆ, ಬೇರೆ ಯಾವ ಕಾರಣಕ್ಕೂ ಅಲ್ಲ.

ಚನ್ನರಾಯಪಟ್ಟಣದಲ್ಲಿ ಅವರದು ಕೊಬ್ಬರಿ ವ್ಯಾಪಾರ. ಮೂಲ ಊರು ಅದೇ ತಾಲ್ಲೂಕಿನ ದಂಡಿಗನಹಳ್ಳಿ. ಅಲ್ಲಿ ಈಗಲೂ ಗದ್ದೆ ತೋಟ ಇವೆ, ಜೊತೆಗೆ ಅವನ್ನು ನೆನೆಸಿಕೊಂಡು ಮೀಸೆ ತಿರುವುವ ಅಭ್ಯಾಸವೂ ಇದೆ. ಅವರ ಓರಗೆಯವರೆಲ್ಲ ಕಾಶಿ, ರಾಮೇಶ್ವರ, ಬದರಿ ಮುಗಿಸಿ ಬಂದಿದ್ದರು. ಬರೀ ಹೋಗಿ ಬಂದಿದ್ದರೆ ಇವರು ಸುಮ್ಮನಿರುತ್ತಿದ್ದರೇನೋ, ಬಂದವರು ಮದುವೆ ಮನೆಗಳಲ್ಲಿ ಕೂತು ವರ್ಣನೆ ಮಾಡುತ್ತಿದ್ದರು. ಅದು ಭಾವನಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆಗ ಹಾಸನದ ಒಂದು ಟ್ರಾವೆಲ್ಸ್ ಅಂಗಡಿಯಲ್ಲಿ ಹಡಗಿನ ಚಿತ್ರ ನೋಡಿದರು. ಚೆನ್ನೈನಲ್ಲಿ ಹತ್ತಿದರೆ ಶ್ರೀಲಂಕೆಯ ಹಂಬನ್‌ತೋಟ, ತ್ರಿಂಕಮಲೆ, ಕಾಂಕೇಸನ್‌ತುರೈ ಎಂಬ ಮೂರು ಬಂದರುಗಳಲ್ಲಿ ನಿಂತು ವಾಪಸ್ ಚೆನ್ನೈಗೆ ತಂದು ಬಿಡುವ ಹಡಗು. ಆ ಬಂದರುಗಳ ಹತ್ತಿರ ಈಶ್ವರನ ಗುಡಿ, ಮುರುಗನ ಗುಡಿ ಇವೆಯೆಂದು ಗೊತ್ತಾದ ಮೇಲೆ ಭಾವನನ್ನು ಹಿಡಿಯುವವರೇ ಇರಲಿಲ್ಲ.

ಹಡಗಿನವರೂ ಪ್ರತಿ ಬಂದರಿನಲ್ಲಿ ಜನರನ್ನು ಇಳಿಸಿ ಬಸ್ಸಿನಲ್ಲಿ ಸುತ್ತಾಡಿಸುತ್ತಾರೆ. ಆದರೆ ಅವರು ತೋರಿಸುವುದು ಕಡಲ ತೀರ, ಕೋಟೆ, ಅಂಗಡಿ ಬೀದಿ.

"ದುಡ್ ಕೊಟ್ಟು ಮರಳು ನೋಡಕೆ ನಮ್ಗೇನ್ ಉಚ್ಚಾ?" ಅಂದರು ಭಾವ. "ನಮ್ದೇ ವ್ಯಾನ್ ಮಾಡ್ಕಳಾನ. ಇಳಿಯಾದು, ದರ್ಸನ ಮಾಡಾದು, ಅತ್ತಾದು."

ವ್ಯಾನ್ ಗೊತ್ತು ಮಾಡುವ ಕೆಲಸ ನನ್ನ ತಲೆಗೆ ಬಂತು. ಗೊರೂರಿನ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯವರು ತಮಿಳಿನವರಾಗಿದ್ದರಿಂದ ನನಗೆ ಮುರುಕು ತಮಿಳು ಬರುತ್ತದೆ, ಇಂಗ್ಲಿಷಿನಲ್ಲಿ ಮೇಲ್ ಕಳಿಸುವುದೂ ಬರುತ್ತದೆ. ಹೊರಟವರು ಏಳು ಜನ: ಭಾವ, ಅಕ್ಕ, ಭಾವನ ಇಬ್ಬರು ದಾಯಾದಿ ತಮ್ಮಂದಿರು, ಅವರ ಹೆಂಡಂದಿರು, ಮತ್ತೆ ನಾನು. ಅವರೆಲ್ಲ ಒಂದೇ ಮನೆತನದವರು. ನಾನು ಅಕ್ಕನ ತವರಿನ ಕಡೆಯವಳು, ಹೊರಗಿನವಳು. ಈ ಮಾತು ಮುಂದೆ ಬೇಕಾಗುತ್ತದೆ.

ಯೋಜನೆಯ ಸಭೆಗಳು ಭಾವನ ಮನೆಯ ಜಗಲಿಯಲ್ಲಿ ನಡೆದವು. ಅಲ್ಲಿ ದೇವರ ಬಗ್ಗೆ ಯಾರೂ ಮಾತಾಡಿದ್ದು ನಾನು ಕೇಳಲಿಲ್ಲ. ಒಂದು ಬಂದರಿನ ಬಿಡುವಿನಲ್ಲಿ ಎಷ್ಟು ಗುಡಿ ತುರುಕಬಹುದು ಎನ್ನುವುದೊಂದೇ ಚರ್ಚೆ. ಮೂಟೆಗೆ ಕೊಬ್ಬರಿ ತುಂಬುವಾಗ ಕಾಲಲ್ಲಿ ಒತ್ತುತ್ತಾರಲ್ಲ, ಹಾಗೆ. ಹಡಗು ಯಾರಿಗೂ ಕಾಯುವುದಿಲ್ಲ, ತಡವಾದರೆ ಬಿಟ್ಟು ಹೋಗುತ್ತದೆ ಎಂದು ನಾನು ಹೇಳಿದೆ.

"ಏಳ್ ಜನನ ಬುಟ್ಟೋಯ್ತಾನಾ? ನಮ್ ಒಳೆನರಸೀಪುರದ ಬಸ್ಸೇ ಕೈ ಅಡ್ಡ ಇಟ್ರೆ ನಿಲ್ತದೆ."

ಒಬ್ಬ ತಮ್ಮ ತಲೆಯಾಡಿಸಿದ. ಇನ್ನೊಬ್ಬ ಹಡಗಿನಲ್ಲಿ ಮುದ್ದೆ ಸಿಗುತ್ತದಾ ಎಂದು ಕೇಳಿದ. ಇವರನ್ನೆಲ್ಲ ಕಟ್ಟಿಕೊಂಡು ಸಮುದ್ರ ದಾಟಬೇಕಲ್ಲ ಎಂದು ನನಗೆ ಜಿಗುಪ್ಸೆಯಾಯಿತು. ಆದರೂ ಹೊರಟೆ. ಅಕ್ಕ ಹೋಗುತ್ತಾಳೆ ಎನ್ನುವುದು ಒಂದು ಕಾರಣ. ಹಡಗು ನೋಡಬೇಕೆಂಬ ಆಸೆ ನನಗೂ ಇತ್ತು ಎನ್ನುವುದು ಇನ್ನೊಂದು.

ಕಾಯುವುದಿಲ್ಲ ಎಂದು ನಾನು ಮತ್ತೆ ಮತ್ತೆ ಹೇಳಿದ್ದರಿಂದ ಭಾವನಿಗೆ ಒಳಗೊಳಗೇ ಅಳುಕು ಹತ್ತಿರಬೇಕು. ಅದಕ್ಕೆ ಅವರು ಕಂಡುಕೊಂಡ ಉಪಾಯ, ತಾಲೀಮು. ಒಂದು ಟೆಂಪೋ ಟ್ರಾವೆಲರ್ ಮಾಡಿ ನಮ್ಮನ್ನೆಲ್ಲ ಹೊಳೆನರಸೀಪುರ, ಅರಕಲಗೂಡು, ರಾಮನಾಥಪುರ ಸುತ್ತಿಸಿದರು. ಹೊಳೆನರಸೀಪುರದ ನರಸಿಂಹಸ್ವಾಮಿ ಗುಡಿಯ ಮುಂದೆ ವ್ಯಾನ್ ನಿಲ್ಲುತ್ತಿದ್ದಂತೆ ಮೊಬೈಲಿನಲ್ಲಿ ಗಡಿಯಾರ ಓಡಿಸಿ, "ಇಳೀರಿ, ಇದು ಅಂಬನ್‌ತೋಟ!" ಎಂದು ಕೂಗಿದರು. ಹೂವಿನ ಅಂಗಡಿಯವಳು ತಿರುಗಿ ನೋಡಿದಳು. ನಾವು ದಡಬಡ ಒಳಗೆ ಹೋಗಿ, ದೇವರ ಮುಖ ಕಂಡಿತೋ ಇಲ್ಲವೋ, ದಡಬಡ ಹೊರಗೆ ಬಂದೆವು. ರಾಮನಾಥಪುರದಲ್ಲಿ ಒಬ್ಬ ತಮ್ಮನ ಹೆಂಡತಿ ಕಾವೇರಿ ಮೆಟ್ಟಿಲ ಮೇಲೆ ಕೂತು ಮೀನಿಗೆ ಪುರಿ ಹಾಕುತ್ತಿದ್ದಳು. ಅವಳ ಮುಖದಲ್ಲಿ ಅವತ್ತು ಮೊದಲ ಸಲ ಸಂತೋಷ ಕಂಡಿತ್ತು. ಭಾವ ಮೇಲಿನಿಂದ, "ಅಡಗು ಒಂಟೋಯ್ತು ಕಣಮ್ಮೋ!" ಎಂದು ಅರಚಿ ಅದನ್ನೂ ಕೆಡಿಸಿದರು.

ವಾಪಸ್ ಬರುವಾಗ ದಂಡಿಗನಹಳ್ಳಿಯಲ್ಲಿ ನಿಲ್ಲಿಸಬೇಕೆಂದು ಅಕ್ಕ ಹಟ ಹಿಡಿದಳು. ಅಲ್ಲಿ ದೊಡ್ಡಮ್ಮ ಇದ್ದರು. ಭಾವನ ತಂದೆಯ ಅಣ್ಣನ ಹೆಂಡತಿ. ಭಾವ ಚಿಕ್ಕವರಿದ್ದಾಗಲೇ ಅವರ ತಾಯಿ ತೀರಿಕೊಂಡು, ಸ್ವಂತ ಮಗನ ಜೊತೆ ಇವರನ್ನೂ ಸಾಕಿದವರು ದೊಡ್ಡಮ್ಮ. ಅಕ್ಕ ಸೊಸೆಯಾಗಿ ಆ ಮನೆಗೆ ಹೋದಾಗ ಅವಳಿಗೆ ಅಡಿಗೆ ಸರಿಯಾಗಿ ಬರುತ್ತಿರಲಿಲ್ಲ, ಬೈಗುಳಕ್ಕೆ ಉತ್ತರ ಕೊಡುವುದಂತೂ ಮೊದಲೇ ಬರುತ್ತಿರಲಿಲ್ಲ. ಎರಡನ್ನೂ ಕಲಿಸಿದವರು ಈ ಅತ್ತೆ. ಅಕ್ಕನ ಎರಡು ಬಾಣಂತನವನ್ನೂ ಅವರೇ ಮಾಡಿದ್ದರು. ಈಗ ಹಾಸಿಗೆ ಹಿಡಿದಿದ್ದರು, ಮಗ ಸೊಸೆ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು.

ದೊಡ್ಡಮ್ಮ ಅಕ್ಕನ ಕೈ ಹಿಡಿದು, "ಕೊನೆ ನೀರು ನೀನೇ ಬುಡಬೇಕು ಕಣವ್ವ. ಇವ್ರ್ಯಾರ್ಗೂ ಗ್ಯಾನ ಇರಕಿಲ್ಲ, ಮೂಗಿಗೆ ಉಯ್ದ್‌ಬುಡ್ತಾರೆ," ಅಂದರು. ಹೇಳಿ ತಾವೇ ನಕ್ಕರು. ಅಕ್ಕನೂ ನಗುತ್ತಲೇ, "ನಾನೇ ಬುಡ್ತೀನಿ, ಮೂಗಿಗಲ್ಲ, ಬಾಯಿಗೇ," ಅಂದಳು. ಹೊರಗೆ ಭಾವ ಹಾರ್ನ್ ಹೊಡೆಸುತ್ತಿದ್ದರು.

ವ್ಯಾನ್ ಹತ್ತಿದ ಮೇಲೆ ಅಕ್ಕ, "ನಾ ಬರಕಿಲ್ಲ. ನೀವೆಲ್ಲ ಓಗ್ಬನ್ನಿ," ಅಂದಳು. ಭಾವನ ಮುಖ ನೋಡಬೇಕಿತ್ತು. ಹೆಂಡತಿ ಇಲ್ಲದೆ ಯಾತ್ರೆ ಮಾಡಿದರೆ ಅರ್ಧ ಪುಣ್ಯವೂ ಬರುವುದಿಲ್ಲ ಎನ್ನುವುದು ಅವರ ಲೆಕ್ಕ. ಡಾಕ್ಟರು ಏನೂ ಭಯವಿಲ್ಲ ಅಂದಿದ್ದಾರೆ, ಇನ್ನೂ ಮೊಮ್ಮಗನ ಮದುವೆ ನೋಡುತ್ತಾರೆ ಎಂದೆಲ್ಲ ಹೇಳಿದರು. ಅಕ್ಕ ಜಗ್ಗಲಿಲ್ಲ. ಕೊನೆಗೆ ಎಲ್ಲರ ಎದುರಿಗೆ ಮಾತು ಕೊಟ್ಟರು:

"ಏನಾದ್ರೂ ಸುದ್ದಿ ಬಂದ್ರೆ ಆ ಗಳಿಗೇಲೇ ನಿಂಗೇಳ್ತೀನಿ. ಎಲ್ಲಿದ್ರೂ ಇಳ್ಕಂಡು ಬರಾನ. ಆಯ್ತಾ?"

ಅಕ್ಕ ಒಪ್ಪಿದಳು. ಮದುವೆಯಾಗಿ ಇಷ್ಟು ಕಾಲವಾದ ಮೇಲೂ ಆ ಮನುಷ್ಯನ ಮಾತು ನಂಬುವುದು ಅವಳಿಗೆ ಸಾಧ್ಯವಿತ್ತು.

ಕೆಲವು ದಿನ ಬಿಟ್ಟು ಭಾವ ಹಾಸನದ ನನ್ನ ಮನೆಗೆ ಒಬ್ಬರೇ ಬಂದರು. ಕಾಫಿ ಕುಡಿದರು. ವ್ಯಾನಿನ ವಿಷಯ ಕೇಳಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಅಲ್ಲ ಕಣಮ್ಮ, ಸೂತ್ಕ ಅನ್ನಾದು ಕಿವಿಗೆ ಬಿದ್ ಮ್ಯಾಲೆ ತಾನೆ?" ಅಂದರು.

ಮನೆತನದಲ್ಲಿ ಯಾರಾದರೂ ಸತ್ತರೆ ದಾಯಾದಿಗಳಿಗೆಲ್ಲ ಸೂತಕ. ತಿಥಿ ಮುಗಿಯುವ ತನಕ ಅವರು ಗುಡಿಯ ಹೊಸ್ತಿಲು ತುಳಿಯುವಂತಿಲ್ಲ. ಆದರೆ ದೂರ ದೇಶದಲ್ಲಿದ್ದವನಿಗೆ ಸುದ್ದಿ ಮುಟ್ಟಿದ ಮೇಲಷ್ಟೇ ಸೂತಕ, ಕೇಳಿದ ಕೂಡಲೇ ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹಾಕಿಕೊಳ್ಳಬೇಕು ಎಂದು ನಮ್ಮ ಕಡೆ ನಡೆದುಕೊಂಡು ಬಂದಿದೆ. ಕಾಗದ ಊರಿಗೆ ಊರು ತಿರುಗಿ ಬರುತ್ತಿದ್ದ ಕಾಲದಲ್ಲಿ, ಗೊತ್ತಿಲ್ಲದೆ ಗುಡಿಗೆ ಹೋದ ಪಾಪದವನ ಮೇಲೆ ತಪ್ಪು ಬೀಳದಿರಲಿ ಎಂದು ಯಾರೋ ಕರುಣೆಯಿಂದ ಮಾಡಿದ ರಿಯಾಯಿತಿ ಇದು. ಭಾವ ಆ ರಿಯಾಯಿತಿಯ ಸುತ್ತ ಮೂಸುತ್ತಿದ್ದರು.

"ಯಾಕೆ ಭಾವ, ಕಿವಿಗೆ ಹತ್ತಿ ಇಟ್ಟುಕೊಂಡು ಬರ್ತೀರಾ?" ಎಂದೆ.

"ನಿಂದೊಳ್ಳೆ ತಮಾಸೆ," ಎಂದು ನಕ್ಕು ಎದ್ದರು. ನಾನೂ ಅದನ್ನು ತಮಾಷೆ ಎಂದೇ ಮರೆತೆ.

ಚೆನ್ನೈ ಬಂದರಿನಲ್ಲಿ ಸಾಮಾನು ತಪಾಸಣೆಗೆ ಸಾಲಿನಲ್ಲಿ ನಿಂತಿದ್ದೆವು. ಚಕ್ಕುಲಿ, ನಿಪ್ಪಟ್ಟು, ರಾಗಿಹಿಟ್ಟಿನ ಪೊಟ್ಟಣಗಳನ್ನು ತಪಾಸಣೆಯವರು ಒಂದೊಂದಾಗಿ ತೆಗೆದು ಪಕ್ಕಕ್ಕಿಡುತ್ತಿದ್ದರು, ತಮ್ಮಂದಿರು ಹೆತ್ತ ಮಕ್ಕಳನ್ನು ಕಿತ್ತುಕೊಂಡವರ ಹಾಗೆ ನೋಡುತ್ತಿದ್ದರು. ಆಗ ಭಾವನ ಫೋನು ಬಂತು. ಕಿವಿಗಿಟ್ಟುಕೊಂಡವರು ತಟ್ಟನೆ ಫೋನನ್ನು ತೋಳುದ್ದ ದೂರ ಹಿಡಿದು, "ಕೇಳುಸ್ತಿಲ್ಲ! ಅಲೋ, ಕೇಳುಸ್ತಿಲ್ಲ ಕಣ್ಲಾ! ಇಲ್ಲಿ ಸಿಗ್ನಲ್ಲಿಲ್ಲ!" ಎಂದು ಕೂಗಿ ಆರಿಸಿಬಿಟ್ಟರು. ನನ್ನ ಮೊಬೈಲಿನಲ್ಲಿ ಸಿಗ್ನಲ್ ತುಂಬಾ ಚೆನ್ನಾಗಿತ್ತು. ಕೊಬ್ಬರಿ ಮಂಡಿಯ ಯಾರೋ ಇರಬೇಕು ಎಂದುಕೊಂಡು ಸುಮ್ಮನಾದೆ. ಮರುಗಳಿಗೆಯೇ ಭಾವ ಎಲ್ಲರ ಫೋನುಗಳನ್ನೂ ಆರಿಸಿ ಒಂದು ಚೀಲಕ್ಕೆ ಹಾಕಿಸಿದರು. ಬೇರೆ ದೇಶದಲ್ಲಿ ಫೋನು ಸುಮ್ಮನೆ ಜೇಬಿನಲ್ಲಿದ್ದರೂ ಬಿಲ್ಲು ಬರುತ್ತದಂತೆ. ನನ್ನದನ್ನು ಮಾತ್ರ ಬಿಟ್ಟರು. ವ್ಯಾನಿನ ಡ್ರೈವರುಗಳಿಗೆ ಫೋನು ಮಾಡಬೇಕಾದವಳು ನಾನು. ಹೊರಗಿನವಳ ಫೋನಿಗೆ ಏನು ಬಂದರೂ ಮನೆತನಕ್ಕೆ ಮುಟ್ಟುವುದಿಲ್ಲ ಎಂಬ ಧೈರ್ಯವೂ ಇದ್ದಿರಬೇಕು.

ಹಡಗಿನ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ದೊಡ್ಡ ಕಲ್ಯಾಣ ಮಂಟಪವನ್ನು ನೀರಿಗೆ ಬಿಟ್ಟಂತಿತ್ತು. ಹಗಲೂ ರಾತ್ರಿ ತಿನ್ನುವ ಜನ, ತಿಂದದ್ದರ ಫೋಟೋ ತೆಗೆಯುವ ಜನ. ಭಾವ ತಟ್ಟೆಯಲ್ಲಿ ಜಿಲೇಬಿ ಪೇರಿಸಿಕೊಂಡು ಕೂತು, ಇದು ಯಾತ್ರೆ, ಮಿತವಾಗಿ ತಿನ್ನಬೇಕು ಎಂದು ತಮ್ಮಂದಿರಿಗೆ ಉಪದೇಶ ಮಾಡುತ್ತಿದ್ದರು. ಅಕ್ಕ ಕಿಟಕಿಯ ಪಕ್ಕ ಕೂತು ನೀರು ನೋಡುತ್ತಿದ್ದಳು. "ಊರಿಂದೇನಾರ ಸುದ್ದಿ?" ಎಂದು ದಿನಕ್ಕೆ ಹತ್ತು ಸಲ ಕೇಳುವಳು. "ಸುದ್ದಿ ಇಲ್ಲ ಅಂದ್ರೆ ಒಳ್ಳೇ ಸುದ್ದಿ ಬುಡು," ಎನ್ನುವರು ಭಾವ.

ಹಂಬನ್‌ತೋಟದಲ್ಲಿ ಇಳಿದು ಕತಿರ್ಗಾಮದ ಸುಬ್ರಹ್ಮಣ್ಯನ ಗುಡಿಗೆ ಹೋದೆವು. ಅಕ್ಕ ಹಣ್ಣಿನ ತಟ್ಟೆ ಹಿಡಿದು ಬಿಸಿಲಿನಲ್ಲಿ ಸಾಲು ನಿಂತಳು. ದೊಡ್ಡಮ್ಮ ಎದ್ದು ಓಡಾಡುವಂತಾಗಲಿ ಎಂದು ಬೇಡಿಕೊಂಡೆ ಅಂದಳು. ತ್ರಿಂಕಮಲೆಯಲ್ಲಿ ಸಮುದ್ರದ ಮೇಲಿನ ಬಂಡೆಯಲ್ಲಿ ಈಶ್ವರನ ಗುಡಿ. ಅಲ್ಲಿ ಅಕ್ಕ ದೊಡ್ಡಮ್ಮನ ಹೆಸರಿನಲ್ಲಿ ಅರ್ಚನೆ ಮಾಡಿಸಿದಳು. ಅರ್ಚಕರು ನಕ್ಷತ್ರ ಕೇಳಿದರು, ಅಕ್ಕನಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಭಾವ, ಅಂಗಿ ಬಿಚ್ಚಿ ಹೊಟ್ಟೆ ಬಿಟ್ಟುಕೊಂಡು ಕೈಮುಗಿದವರು, "ರೋಹಿಣಿ," ಅಂದರು. ಧ್ವನಿ ಒಂಚೂರೂ ಅಲುಗಲಿಲ್ಲ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಕೊನೆಯ ಬಂದರು ಕಾಂಕೇಸನ್‌ತುರೈ. ಅಲ್ಲಿಂದ ಸ್ವಲ್ಪ ದೂರಕ್ಕೆ ಕೀರಿಮಲೆ. ಸಮುದ್ರದ ಪಕ್ಕದಲ್ಲೇ ಸಿಹಿನೀರಿನ ಚಿಲುಮೆ, ಗಂಡಸರಿಗೊಂದು ಕೊಳ, ಹೆಂಗಸರಿಗೆ ಗೋಡೆ ಕಟ್ಟಿದ ಇನ್ನೊಂದು ಕೊಳ, ಹತ್ತಿರದಲ್ಲೇ ಈಶ್ವರನ ಗುಡಿ. ಅದಾದ ಮೇಲೆ ನಲ್ಲೂರಿನ ಮುರುಗನ ಗುಡಿಗೆ ಓಡಬೇಕು. ಅದು ಈ ಯಾತ್ರೆಯ ಮುಕುಟ ಎಂದು ಭಾವ ಚೆನ್ನೈನಿಂದಲೂ ಹೇಳುತ್ತಿದ್ದರು. ಕೀರಿಮಲೆಯಲ್ಲಿ ವ್ಯಾನ್ ನಿಂತಿತು. ಮೊಬೈಲು ಚೀಲದಲ್ಲಿದ್ದುದರಿಂದ ಭಾವ ಓಟದ ಪಂದ್ಯದ ಗಡಿಯಾರವೊಂದನ್ನು ಎಲ್ಲಿಂದಲೋ ತಂದಿದ್ದರು, ಅದನ್ನು ಒತ್ತಿ ಎಲ್ಲರನ್ನೂ ಗುಡಿಗೆ ಅಟ್ಟಿಕೊಂಡು ಹೋದರು. ಅಕ್ಕ ಮಂಡಿ ನೋವು, ನಿಧಾನಕ್ಕೆ ಬರುತ್ತೇನೆಂದು ನನ್ನ ಜೊತೆ ಉಳಿದಳು. ಆ ದೇಶದಲ್ಲಿ ನನ್ನ ಫೋನಿಗೆ ಕರೆ ಮಾತ್ರ, ನೆಟ್ ಇರಲಿಲ್ಲ, ನಲ್ಲೂರಿನ ದಾರಿ ತೋರಿಸಲು ಡ್ರೈವರ್ ತನ್ನ ಫೋನಿನಿಂದ ಕೊಟ್ಟ. ತಡೆದುಕೊಂಡಿದ್ದ ಮೆಸೇಜುಗಳೆಲ್ಲ ಒಮ್ಮೆಗೇ ಬಂದು ಬಿದ್ದವು. ಒಂದು ಧ್ವನಿ ಮೆಸೇಜು ದೊಡ್ಡಮ್ಮನ ಸೊಸೆಯದು. ಸ್ವಲ್ಪ ಪಕ್ಕಕ್ಕೆ ಹೋಗಿ ಕಿವಿಗಿಟ್ಟುಕೊಂಡೆ.

"ಅಕ್ಕನ ಫೋನು ಸ್ವಿಚಾಫ್ ಬತ್ತೈತೆ, ಅದುಕ್ಕೇ ನಿಮ್ಗೆ ಆಕ್ತಾ ಇವ್ನಿ. ಅತ್ತೆ ಓಗ್ಬುಟ್ರು. ನೀವು ಅಡಗು ಅತ್ತೋ ದಿನನೇ ಉಸ್ರು ಎಳೀತಿತ್ತು, ಇವ್ರು ಭಾವಯ್ಯಂಗೆ ಫೋನ್ ಮಾಡಿ ಅಮ್ಮಂಗೆ ಅಂತ ಬಾಯ್ ಬುಡಾದ್ರೊಳ್ಗೆ ಕೇಳುಸ್ತಿಲ್ಲ ಅಂದು ಮಡಗ್ಬುಟ್ರು. ರಾತ್ರಿಯೆಲ್ಲ ಜೀವ ಇಡ್ಕಂಡಿದ್ರು. ಅವ್ಳು ಬಂದ್ಲಾ, ಅವ್ಳು ಬಂದ್ಲಾ ಅಂತ ಅಕ್ಕನ್ನೇ ಕೇಳುದ್ರು. ಬೆಳಿಗ್ಗೆ ಓದ್ರು. ಮೂರ್ ದಿನದ ಆಲುತುಪ್ಪನೂ ಆಯ್ತು."

ಚೆನ್ನೈನಿಂದ ಆ ಸಂಜೆ ಒಂದು ಕಾರು ಮಾಡಿದ್ದರೆ ಬೆಳಗಾಗುವ ಮೊದಲೇ ದಂಡಿಗನಹಳ್ಳಿ. ಅಕ್ಕನಿಗೆ ಹೇಳಬೇಕೋ ಬೇಡವೋ ಎಂದು ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಭಾವ ಯೋಚಿಸಿ ಯೋಚಿಸಿ ಮಾಡಿದ್ದನ್ನು ನೋಡಿ ಆಗಿತ್ತು. ಫೋನನ್ನು ಅವಳ ಕಿವಿಗೇ ಹಿಡಿದೆ.

ಅಕ್ಕ ಪೂರ್ತಿ ಕೇಳಿದಳು. ಇನ್ನೊಂದು ಸಲ ಹಾಕು ಅಂದಳು. ಮತ್ತೆ ಕೇಳಿದಳು. ಅಳಲಿಲ್ಲ. ಹೆಂಗಸರ ಕೊಳದ ಬಾಗಿಲಿಗೆ ನಡೆದು, ಮೆಟ್ಟಿಲು ಇಳಿದು, ಉಟ್ಟ ಸೀರೆಯಲ್ಲೇ ಮುಳುಗಿ ಎದ್ದಳು. ಕೈಯಲ್ಲಿ ಒಂದು ಬೊಗಸೆ ನೀರು ಎತ್ತಿ ಹಿಡಿದು ನಿಂತಳು. ಯಾರ ಬಾಯಿಗೆ ಬಿಡುವುದು? ಬೆರಳ ಸಂದಿಯಿಂದ ಅದು ಸೋರಿ ಹೋಯಿತು. ಆಗ ನನಗೆ ಅಳು ತಡೆಯಲಾಗಲಿಲ್ಲ.

ಒದ್ದೆ ಸೀರೆ ನೆಲಕ್ಕೆ ನೀರು ಸುರಿಸುತ್ತಿದ್ದಂತೆಯೇ ಅವಳು ಗುಡಿಯ ಬಾಗಿಲಿಗೆ ಹೋಗಿ ನಿಂತಳು. ಹಣೆ ತುಂಬ ವಿಭೂತಿ ಬಳಿದುಕೊಂಡು, ಅಂಗಿ ತೊಡುತ್ತಾ ಭಾವ ಹೊರಗೆ ಬಂದರು. ಹಿಂದೆ ತಮ್ಮಂದಿರು, ಅವರ ಹೆಂಡಂದಿರು. ಅಕ್ಕನ ಸೀರೆ ನೋಡಿದ ಕೂಡಲೇ ಭಾವನಿಗೆ ಗೊತ್ತಾಯಿತು. ಎರಡೂ ಕೈ ಎತ್ತಿ, "ಬ್ಯಾಡ, ಈಗ ಏನೂ ಏಳ್ಬ್ಯಾಡ. ನಲ್ಲೂರ್ ಒಂದ್ ಆಗೋಗ್ಲಿ," ಅಂದರು.

ಅಕ್ಕ ದಂಡಿಗನಹಳ್ಳಿಯ ಗದ್ದೆಯಲ್ಲಿ ಆಳು ಕರೆಯುವ ಧ್ವನಿಯಲ್ಲಿ ಹೇಳಿದಳು:

"ದೊಡ್ಡಮ್ಮ ಓದ್ರು. ನಿಮ್ಮನ್ನ ಸಾಕಿದ್ ತಾಯಿ ಓದ್ರು. ಕೇಳುಸ್ತಾ? ಎಲ್ರಿಗೂ ಕೇಳುಸ್ತಾ?"

ಎಲ್ಲರಿಗೂ ಕೇಳಿಸಿತ್ತು. ತಮ್ಮಂದಿರ ಕೈಯಿಂದ ಪ್ರಸಾದ ಕೆಳಗಿಳಿಯಿತು. ಅವರು ಅಣ್ಣನ ಮುಖ ನೋಡಿದರು, ಮೀನಿಗೆ ಪುರಿ ಹಾಕಿದ್ದ ಹೆಂಗಸು ಬಾಯಿಗೆ ಸೆರಗು ಇಟ್ಟುಕೊಂಡಳು. ಯಾರೂ ಜಗಳ ಮಾಡಲಿಲ್ಲ. ಕೇಳಿದ ಮೇಲೆ ಇನ್ನೇನಿದೆ, ಗಂಡಸರು ಒಂದು ಕೊಳಕ್ಕೆ, ಹೆಂಗಸರು ಇನ್ನೊಂದಕ್ಕೆ ಇಳಿದರು. ಭಾವ ಕತ್ತಿನಲ್ಲಿ ನೇತುಹಾಕಿಕೊಂಡಿದ್ದ ಪಾಸ್‌ಪೋರ್ಟ್ ಚೀಲ ಬಿಚ್ಚಿ ನನ್ನ ಕೈಗೆ ಕೊಟ್ಟು, ಪ್ಯಾಂಟು ಶರ್ಟಿನಲ್ಲೇ ಮೆಟ್ಟಿಲು ಇಳಿದರು. ಮುಳುಗಿ ಎದ್ದವರು, ಮೇಲಿದ್ದ ಅಕ್ಕನಿಗೆ, "ನಂಗೂ ಅವ್ರು ಅಮ್ಮನೇ ಕಣೇ," ಅಂದರು. ಸುಳ್ಳು ಅಳು ಅಂತ ನಾನು ಹೇಳುವುದಿಲ್ಲ. ಅತ್ತರು, ಅಷ್ಟೇ, ಅದರಿಂದ ಅವರ ಮೇಲಿನ ನನ್ನ ತಿರಸ್ಕಾರ ಒಂದು ಎಳೆಯೂ ಕಡಿಮೆಯಾಗಲಿಲ್ಲ.

ನಲ್ಲೂರಿಗೆ ಹೋಗುವ ಅರ್ಹತೆ ಉಳಿದದ್ದು ನನಗೊಬ್ಬಳಿಗೆ. ದೇವರ ವಿಷಯದಲ್ಲಿ ನನ್ನ ನಂಬಿಕೆ ಅಷ್ಟಕ್ಕಷ್ಟೇ. ವ್ಯಾನ್ ಬಂದರಿಗೆ ತಿರುಗಿಸಲು ಹೇಳಿದೆ. ಸೀಟುಗಳೆಲ್ಲ ಒದ್ದೆಯಾದವು. ಅಷ್ಟೊಂದು ತಾಲೀಮು ಮಾಡಿ ಬಂದರೆ, ಹಡಗು ಹೊರಡಲು ಇನ್ನೂ ಬೇಕಾದಷ್ಟು ಸಮಯವಿತ್ತು.

ಮೊನ್ನೆ ಚನ್ನರಾಯಪಟ್ಟಣಕ್ಕೆ ಹೋಗಿದ್ದೆ. ಜಗಲಿಯಲ್ಲಿ ಬೀಗರ ಕಡೆಯ ಯಾರೋ ಕೂತಿದ್ದರು. ಭಾವ ಅವರಿಗೆ ಹಡಗಿನ ವರ್ಣನೆ ಮಾಡುತ್ತಿದ್ದರು. ಸಮುದ್ರದ ಮೇಲಿನ ಬಂಡೆಯ ಗುಡಿಯವರೆಗೆ ಬಂದು, ಅಲ್ಲಿ ಮಾತು ಮುಗಿಸಿ, "ಕಾಫಿ ತತ್ತಾ," ಎಂದು ಒಳಗೆ ಕೂಗಿದರು. ಅಕ್ಕ ಅಡಿಗೆಮನೆಯ ಬಾಗಿಲಲ್ಲಿ, ಅವರ ಕಣ್ಣಿಗೆ ಕಾಣುವಂತೆಯೇ ನಿಂತಿದ್ದಳು.

"ಕೇಳುಸ್ತಿಲ್ಲ," ಅಂದಳು.

ಬಂದವರು ನಕ್ಕರು. ಅವರಿಗೆ ವಯಸ್ಸಾದವರ ಸರಸದಂತೆ ಕಂಡಿರಬೇಕು. ಭಾವ ನಗಲಿಲ್ಲ, ಇನ್ನೊಂದು ಸಲ ಕೂಗಲೂ ಇಲ್ಲ. ಎದ್ದು ಅವಳ ಪಕ್ಕದಿಂದಲೇ ಒಳಗೆ ಹೋಗಿ, ಕಾಫಿ ಲೋಟಗಳನ್ನು ತಾವೇ ತಂದು ಬಂದವರ ಮುಂದೆ ಇಟ್ಟರು.